ಮುದುಕಿ ಊರಿನ ಮಿಸ್ತ್ರಿ

ಇಳಕಲ್ಲಿನ ನಮ್ಮ ಓಣಿಯಲ್ಲಿ ಇಂಗ್ಲೆಂಡಿಗೆ ಹೋಗಿ ಬಂದವರು ಒಬ್ಬರೇ ಇದ್ದರು. ಆದರೆ ಅವರ ಎದುರಿಗೆ ಹಾಗೆಂದವರಿಗೆ ಅರ್ಧ ತಾಸಿನ ಪಾಠ ತಪ್ಪುತ್ತಿರಲಿಲ್ಲ. ನಾನು ಬಾದಾಮಿಯಿಂದ ವರ್ಗವಾಗಿ ಬಂದು, ಹೆಣ್ಣುಮಕ್ಕಳ ಶಾಲೆಗೆ ಸೇರಿ, ನೇಕಾರರ ಓಣಿಯಲ್ಲಿ ಒಂದು ಖೋಲಿ ಹಿಡಿದ ಮೊದಲ ವಾರವೇ ಆ ತಪ್ಪು ಮಾಡಿದೆ. ಗೋಡೆಗೆ ಗೋಡೆ ಹತ್ತಿದ ಮನೆಯವರು, ಪರಿಚಯಕ್ಕೊಂದು ಮಾತು ಇರಲಿ ಎಂದು, ಇಂಗ್ಲೆಂಡಿನಲ್ಲಿ ಎಷ್ಟು ವರ್ಷ ಇದ್ದಿರಿ ಎಂದು ಕೇಳಿಬಿಟ್ಟೆ. ಅವರು ರಿಪೇರಿ ಮಾಡುತ್ತಿದ್ದ ಹೊಲಿಗೆ ಯಂತ್ರವನ್ನು ಬದಿಗಿಟ್ಟು, ಕೈ ಒರೆಸಿಕೊಂಡು, ನನ್ನತ್ತ ತಿರುಗಿ ಕುಳಿತರು.

"ಇಂಗ್ಲಂಡ ಅಲ್ಲರಿ ಅಕ್ಕೋರ, ವೇಲ್ಸ್. ನಾವು ಕನ್ನಡದವ್ರು ಈಗ ಮುಂಬೈ ಸರಕಾರದಾಗ ಇಲ್ಲೇನು? ಹಂಗಂತ ಯಾರರ ನಿಮ್ಮನ್ನ ಮುಂಬೈದವ್ರು ಅಂದ್ರ ನೀವು ಸುಮ್ಮನಿರ್ತೀರೇನು?"

ನಾನು ಸುಮ್ಮನಿರುವವಳಲ್ಲ. ಆದ್ದರಿಂದ ವಾದ ಅಲ್ಲಿಗೇ ಮುಗಿದು ಸ್ನೇಹ ಶುರುವಾಯಿತು.

ಆ ಮಿಸ್ತ್ರಿ ತೀರಿಕೊಂಡರಂತೆ. ಮೊನ್ನೆ ಕುಳಗೇರಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ, ಇಳಕಲ್ಲಿನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ಅವಳೇ ಅಜ್ಜಿ, ಸುದ್ದಿ ಹೇಳಿದಳು. ತುಂಬಿದ ವಯಸ್ಸು, ನರಳದೆ ಹೋದರು ಎಂದಳು. ಬಸ್ಸು ಬಂತು, ಹೋಯಿತು, ನಾನು ಹತ್ತಲಿಲ್ಲ. ಓಣಿಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ಮಿಸ್ತ್ರಿ ಎಂದರೆ ಅವರೇ. ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ.

ಯುದ್ಧದ ಕಾಲದಲ್ಲಿ ಹುಬ್ಬಳ್ಳಿಯಲ್ಲಿ ಯಂತ್ರದ ಕೆಲಸ ಕಲಿಯುತ್ತಿದ್ದ ಅವರನ್ನು ಇನ್ನಷ್ಟು ತರುಣರ ಜೊತೆ ಸರಕಾರ ಹೆಚ್ಚಿನ ಕಲಿಕೆಗೆಂದು ಹಡಗು ಹತ್ತಿಸಿತ್ತು. ಇಳಿದದ್ದು ಗುಡ್ಡಗಳ ಸಂದಿಯ ಒಂದು ಊರಿಗೆ. ಅವರು ಹೇಳುವಂತೆ ಅದು ಮೊದಲು ಕುರಿ ಮೇಯುವ ಜಾಗ. ಕಬ್ಬಿಣದ ಕಲ್ಲು ಸಿಕ್ಕಿತು, ಕುಲುಮೆ ಬಂತು. ಕಲ್ಲಿದ್ದಲು ಸಿಕ್ಕಿತು, ಗಣಿ ಬಂತು. ಕೊನೆಗೆ ತಗಡಿನ ಕಾರ್ಖಾನೆ ಬಂತು. ಗುಡ್ಡದ ಮೈಗೆ ಒಂದೇ ಅಚ್ಚಿನ ಮನೆಗಳ ಓಣಿಗಳು ಹತ್ತಿಕೊಂಡವು, ಹೊಳೆಯ ನೀರು ಕರ್ರಗಾಯಿತು. ಆ ಊರಲ್ಲಿ ಮಿಸ್ತ್ರಿ ಎರಡು ವರ್ಷ ಒಬ್ಬ ವಿಧವೆಯ ಮನೆಯಲ್ಲಿ ಇದ್ದರು. ಆಕೆಯನ್ನು ಅವರು ಕರೆಯುತ್ತಿದ್ದದ್ದು 'ಮಾಮ್' ಎಂದು. ಅಲ್ಲಿಯವರ ಭಾಷೆಯಲ್ಲಿ ಹಾಗೆಂದರೆ ಅವ್ವ.

ಊರಿನ ಹೆಸರು ಹೇಳಬೇಕಾದರೆ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಎರಡೂ ಪಕ್ಕದಿಂದ ಗಾಳಿ ಬಿಡಬೇಕಿತ್ತು. ಓಣಿಯ ಹಿರಿಯರು ಪ್ರಯತ್ನಪಟ್ಟರು, ಒಬ್ಬರ ಮೇಲೊಬ್ಬರು ಉಗುಳಿಕೊಂಡರು, ಕೊನೆಗೆ 'ಮುದುಕಿ ಊರು' ಎಂದು ತಮ್ಮದೇ ಹೆಸರಿಟ್ಟು ಕೈತೊಳೆದುಕೊಂಡರು. ಮಿಸ್ತ್ರಿ ಮಾತ್ರ ಅದನ್ನು ನಮ್ಮೂರು ಎನ್ನುತ್ತಿದ್ದರು. ಇಳಕಲ್ಲೂ ನಮ್ಮೂರೇ. ಯಾವುದರ ಮಾತು ನಡೆದಿದೆ ಎಂಬುದನ್ನು ನಾವೇ ತಿಳಿದುಕೊಳ್ಳಬೇಕು. ಯಾರ ಮನೆಗೆ ಹೋದರೂ ಅಡುಗೆಮನೆಯಲ್ಲಿನ ಚಿಮಣಿ ಎಣ್ಣೆಯ ಹಳೆಯ ಡಬ್ಬಿಯನ್ನು ಬೆರಳಿನಿಂದ ಬಡಿದು, ಕಿವಿಗೊಟ್ಟು ಕೇಳಿ, ಇದು ನಮ್ಮೂರ ತಗಡು ಎಂದು ಸಂತೋಷಪಡುವರು. ನನ್ನ ಜೋಳದ ಡಬ್ಬಿಯೂ ಹೀಗೆ ವೇಲ್ಸಿನ ನೆಂಟನಾಯಿತು.

ಅವರ ಇಂಗ್ಲಿಷಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಒಮ್ಮೆ ನಮ್ಮ ಶಾಲೆಯ ತಪಾಸಣೆಗೆ ಬಂದ ಸಾಹೇಬರು ಕನ್ನಡದಲ್ಲಿ ಮಾತಾಡಿದರೆ ಘನತೆ ಕಡಿಮೆಯಾಗುತ್ತದೆ ಎಂದು ತಿಳಿದವರು. ನಮ್ಮ ಮುಖ್ಯೋಪಾಧ್ಯಾಯಿನಿ ಹೆಡ್ ಬಾಯಿಯವರಿಗೆ ದಿಗಿಲಾಗಿ ಮಿಸ್ತ್ರಿಯನ್ನು ಕರೆಸಿದರು. ಮಿಸ್ತ್ರಿ ಬಂದು ಹಾಡಿನಂತೆ ಏರಿಳಿಯುವ, ಗಣಿಯವರ ಇಂಗ್ಲಿಷಿನಲ್ಲಿ ಸಾಹೇಬರನ್ನು ಮಾತಾಡಿಸಿದರು. ಸಾಹೇಬರಿಗೆ ಒಂದಕ್ಷರ ತಿಳಿಯಲಿಲ್ಲ. ಸಾಹೇಬರು ಹೇಳಿದ್ದು ಮಿಸ್ತ್ರಿಗೂ ತಿಳಿಯಲಿಲ್ಲ. ಕಾಲು ತಾಸು ಇಬ್ಬರೂ ಬೆವರು ಒರೆಸಿಕೊಂಡ ಮೇಲೆ ಸಾಹೇಬರು ಚಂದದ ಧಾರವಾಡ ಕನ್ನಡದಲ್ಲಿ ಚಹಾ ಕೇಳಿದರು. ಸಾಹೇಬರಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಸಂಜೆಯೊಳಗೆ ಊರೆಲ್ಲ ಸುದ್ದಿಯಾಯಿತು. ಹೋಗಿ ಬಂದವರ ಮುಂದೆ ಓದಿದವರ ಆಟ ನಡೆಯುವುದಿಲ್ಲ ಎಂದು ಜನ ತೀರ್ಮಾನಿಸಿದರು.

ಆ ಇಂಗ್ಲಿಷ್ ಅವರು ಕಿವಿಯಿಂದ ಕಲಿತದ್ದು. ಓದಲು ಬರೆಯಲು ಬರುತ್ತಿರಲಿಲ್ಲ. ಹೀಗಾಗಿ ಮಾಮ್ ಬರೆದ ಪತ್ರ ಬಂದಾಗಲೆಲ್ಲ ಓದುವ ಕೆಲಸ ನನಗೆ ಬಿತ್ತು. ಇಂಗ್ಲಿಷಿನಲ್ಲಿ ಕಣ್ಣುಮುಚ್ಚಿ ದೇವರ ಹೆಸರು ಹೇಳಿ ಪಾಸಾದವಳು ನಾನು. ನಿಘಂಟು ತೊಡೆಯ ಮೇಲಿಟ್ಟುಕೊಂಡು, ಮಿಸ್ತ್ರಿಯ ಮನೆಯ ಕಟ್ಟೆಯ ಮೇಲೆ ಕುಳಿತು ಓದುತ್ತಿದ್ದೆ. ಮೊದಲ ಪತ್ರಕ್ಕೆ ಮಿಸ್ತ್ರಿ, ಅವರ ಹೆಂಡತಿ ಭಾಬಿ, ನಾನು ಮೂವರೇ. ಮೂರನೆಯದರ ಹೊತ್ತಿಗೆ ಓಣಿಯ ಹದಿನೈದು ಮನೆಗಳೂ ಮಗ್ಗ ನಿಲ್ಲಿಸಿ ಬರತೊಡಗಿದವು.

ಏಕೆ ಬರುತ್ತಿದ್ದರು ಎಂದರೆ, ಮಾಮ್ ಬರೆಯುತ್ತಿದ್ದದ್ದು ಓಣಿಯ ಸುದ್ದಿ. ಬೆಳಗಾಗೆದ್ದು ಆಕೆ ಹೊಸ್ತಿಲು ಉಜ್ಜಿ ತೊಳೆಯುತ್ತಾಳೆ. ತೊಳೆದ ಮೇಲೆ ಪಕ್ಕದ ಮನೆಯಾಕೆ ಒಲೆಯ ಬೂದಿಯನ್ನು ಗಾಳಿಗೆ ಹಾರುವಂತೆ ಚೆಲ್ಲುತ್ತಾಳೆ. ನಮ್ಮ ಹೆಂಗಸರಿಗೆ ಇದಕ್ಕಿಂತ ಹೆಚ್ಚಿನ ಭಾಷಾಂತರ ಬೇಕಿರಲಿಲ್ಲ. ಆ ಬೂದಿಯವಳ ಮೇಲೆ ಇಳಕಲ್ಲಿನಲ್ಲಿ ಎಷ್ಟು ಸಿಟ್ಟಿತ್ತೆಂದರೆ, ಎದುರಿಗೆ ಸಿಕ್ಕಿದ್ದರೆ ಆಕೆಯ ಗತಿ ನೆಟ್ಟಗಿರುತ್ತಿರಲಿಲ್ಲ. ಗಣಿಯಿಂದ ಬಂದ ಗಂಡಸರು ಒಲೆಯ ಮುಂದೆ ತಗಡಿನ ತೊಟ್ಟಿಯಲ್ಲಿ ಕುಳಿತು ಸ್ನಾನ ಮಾಡುವುದು, ಹೆಂಡತಿ ಬೆನ್ನುಜ್ಜುವುದು, ಕಾರ್ಮಿಕರೇ ಕೂಡಿ ಕಟ್ಟಿಸಿದ ವಾಚನಾಲಯದಲ್ಲಿ ಪೇಪರಿಗೆ ಜಗಳ, ಒಂದೇ ದೇವರಿಗೆ ಓಣಿಗೊಂದು ಪ್ರಾರ್ಥನಾಮಂದಿರ, ಒಂದರವರು ಇನ್ನೊಂದರ ಮೆಟ್ಟಿಲು ಹತ್ತದಿರುವುದು. ಇದನ್ನೆಲ್ಲ ಕೇಳಿ ನಮ್ಮ ಓಣಿಯ ಹಿರಿಯ ನೇಕಾರ ಬಸಪ್ಪಜ್ಜ, ಅವರೂ ನಮ್ಮಂಥ ಮಂದಿನೇ, ಬಣ್ಣ ಅಷ್ಟೇ ಬ್ಯಾರೆ ಎಂದು ಒಪ್ಪಿಗೆ ಕೊಟ್ಟಿದ್ದ.

ನನ್ನ ಒಂದು ಅಪರಾಧವನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ. ಅಕ್ಷರ ತಿಳಿಯದ ಕಡೆ ನಾನು 'ಎಲ್ಲರೂ ಕ್ಷೇಮ' ಎಂದು ಸೇರಿಸಿ ಮುಂದೆ ಹೋಗುತ್ತಿದ್ದೆ. ಹೀಗೆ ತೀರಿಕೊಂಡ ಒಬ್ಬ ಹಾಲಿನವನನ್ನು ಎರಡು ತಿಂಗಳು ಕ್ಷೇಮವಾಗಿ ಇಟ್ಟೆ. ಮುಂದಿನ ಪತ್ರದಲ್ಲಿ ಅವನ ವಿಧವೆಯ ಕಷ್ಟಸುಖ ಬಂದಾಗ ಹದಿನೈದು ಮನೆಯವರೂ ನನ್ನ ಮುಖ ನೋಡಿದರು. ಅಂದಿನಿಂದ ದೊಡ್ಡ ನಿಘಂಟು ತರಿಸಿದೆ.

ಭಾಬಿ ದೊಡ್ಡ ಮನಸ್ಸಿನ ಹೆಂಗಸು. ಗಂಡ ದಿನಕ್ಕೆ ಹತ್ತು ಸಲ ಮಾಮ್ ಎಂದರೂ ಬೇಸರಿಸುತ್ತಿರಲಿಲ್ಲ. ಅತ್ತೆ ಸಮುದ್ರದ ಆಚೆ ಇರುವ ಪುಣ್ಯ ಎಷ್ಟು ಸೊಸೆಯರಿಗೆ ಸಿಕ್ಕೀತು ಎಂದು ನನ್ನನ್ನೇ ಕೇಳುತ್ತಿದ್ದರು.

ಮಿಸ್ತ್ರಿಗೆ ಆ ಊರಿನ ಒಂದೊಂದನ್ನೂ ಇಳಕಲ್ಲಿಗೆ ತರುವ ಹುಚ್ಚು. ಅಲ್ಲಿ ಗಂಡಸರು ದುಡಿದು ಬಂದು ಮೈ ತೊಳೆದುಕೊಂಡು ಒಟ್ಟಿಗೆ ನಿಂತು ನಾಲ್ಕು ದನಿಯಲ್ಲಿ ಹಾಡುತ್ತಾರೆ, ನಾವೇಕೆ ಹಾಡಬಾರದು ಎಂದು ಹನ್ನೆರಡು ನೇಕಾರರನ್ನು ನಮ್ಮ ಶಾಲೆಯ ಬಯಲಿನಲ್ಲಿ ನಾಲ್ಕು ಗುಂಪು ಮಾಡಿ ನಿಲ್ಲಿಸಿದರು. ಕೈಯಲ್ಲೊಂದು ಕೋಲು. ಒಂದೇ ಪದವನ್ನು ಒಂದು ಗುಂಪು ಮೇಲೆ, ಒಂದು ಗುಂಪು ಕೆಳಗೆ ಹಿಡಿಯಬೇಕು. ಎರಡು ಸಾಲಿನವರೆಗೆ ಸರಿಯಾಗಿ ಬಂತು. ಆಮೇಲೆ ಎಡಗಡೆಯವರು ಬಾಯಿಗೆ ರೂಢಿಯಾದ ತಮ್ಮ ಭಜನೆಗೆ ಜಾರಿದರು, ಬಲಗಡೆಯವರು ಬಿಟ್ಟಾರೆಯೇ, ತಮ್ಮದನ್ನು ಎತ್ತಿಕೊಂಡರು, ನಡುವಿನ ಎರಡು ಗುಂಪಿನವರೂ ತಮ್ಮ ತಮ್ಮದನ್ನು ಹಿಡಿದರು. ನಾಲ್ಕು ದನಿಯ ಬದಲು ನಾಲ್ಕು ದೇವರಾದರು. ಮಿಸ್ತ್ರಿ ಕೋಲು ಎಸೆದು ಮನೆಗೆ ಹೋದರು. ಮಗ್ಗದ ಮೇಲೆ ಕುಳಿತವನಿಗೆ ತನ್ನ ಕೈಯ ತಾಳ ಬಿಟ್ಟು ಬೇರೆಯವರ ತಾಳ ಹತ್ತುವುದಿಲ್ಲ ಎಂದು ಬಸಪ್ಪಜ್ಜ ಸಮಾಧಾನ ಹೇಳಿದ.

ಅವರ ಸಿಟ್ಟಿಗೆಲ್ಲ ಮೂಲ ಅಳತೆ. ತಗಡಿನ ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ದಪ್ಪ ಹೆಚ್ಚಾದರೂ ಆ ಹಾಳೆಯನ್ನು ಮತ್ತೆ ಕುಲುಮೆಗೆ ಹಾಕುತ್ತಿದ್ದರಂತೆ. ಮಿಸ್ತ್ರಿಯ ಅಂಗಿಯ ಜೇಬಿನಲ್ಲಿ ಅಳೆಯುವ ಉಕ್ಕಿನ ಇಕ್ಕಳವೊಂದು ಸದಾ ಇರುತ್ತಿತ್ತು. ಭಾಬಿಯ ರೊಟ್ಟಿಯ ದಪ್ಪವನ್ನೂ ಒಮ್ಮೆ ಅಳೆದರು. ಅಂದು ಅವರು ಊಟ ಮಾಡಿದ್ದು ನಮ್ಮ ಮನೆಯಲ್ಲಿ.

ಮುದುಕಿ ಊರು ಬಿಡುವಾಗ ಅವರು ಮಾಮ್‌ಗೆ, ನಮ್ಮೂರಲ್ಲಿ ನೇಯ್ದ ಸೀರೆ ಕಳಿಸುತ್ತೇನೆ ಎಂದು ಮಾತು ಕೊಟ್ಟಿದ್ದರು. ಹತ್ತು ವರ್ಷವಾದರೂ ಕಳಿಸಿರಲಿಲ್ಲ. ಕಾರಣ ಈ ಇಕ್ಕಳವೇ. ಯಾವ ಸೀರೆ ತೋರಿಸಿದರೂ ಅಂಚು ಅಳೆದು, ಎಳೆ ಎಣಿಸಿ, ಇದು ಮಾಮ್‌ಗೆ ಸಲ್ಲದು ಎಂದು ಮರಳಿಸುವರು. ಜನ್ಮದಲ್ಲಿ ಲಾಳಿ ಮುಟ್ಟದವನು ನಮಗೆ ಬುದ್ಧಿ ಹೇಳುತ್ತಾನೆ ಎಂದು ನೇಕಾರರು ಒಳಗೊಳಗೇ ಕುದಿಯುತ್ತಿದ್ದರು.

ಏಕೀಕರಣವಾದ ಮರುವರ್ಷ ಒಂದು ಪತ್ರ ಬಂತು. ಅದರಲ್ಲಿ ಬೂದಿಯವಳ ಸುದ್ದಿ ಇರಲಿಲ್ಲ. ತಗಡಿನ ಕಾರ್ಖಾನೆ ಮುಚ್ಚಿದೆ, ತರುಣರೆಲ್ಲ ಕೆಲಸ ಹುಡುಕಿಕೊಂಡು ಬೇರೆ ಊರುಗಳಿಗೆ ಹೋಗುತ್ತಿದ್ದಾರೆ, ಓಣಿಯಲ್ಲಿ ಎಂಟು ಮನೆಗೆ ಬೀಗ. ತನಗೂ ಮೊಣಕಾಲು ಹಿಡಿದು ಹೊಸ್ತಿಲು ತೊಳೆಯಲಾಗುವುದಿಲ್ಲ. ಬೇಸಿಗೆ ಮುಗಿಯುವಷ್ಟರಲ್ಲಿ ಈ ಮನೆ ಬಿಟ್ಟು ದೂರದ ಮಗಳ ಮನೆಗೆ ಹೋಗುತ್ತೇನೆ ಎಂದು ಬರೆದಿದ್ದಳು. ನಾನು ಈ ಸಲ ಒಂದಕ್ಷರವನ್ನೂ ಬಿಡದೆ ಓದಿದೆ. ಮಿಸ್ತ್ರಿ ತಲೆ ತಗ್ಗಿಸಿ ಕುಳಿತಿದ್ದರು.

"ಆ ಮನಿ ಬಿಡೂದ್ರೊಳಗ ಸೀರಿ ಮುಟ್ಟಬೇಕರಿ ಅಕ್ಕೋರ. ಮಗಳ ಮನ್ಯಾಗ ಆಕಿ ಮಂದಿ ಮನಿಯಾಕಿ ಆಗ್ತಾಳ. ತನ್ನ ಮನ್ಯಾಗ, ತನ್ನ ಓಣ್ಯಾಗ ಉಟ್ಕೋಬೇಕು."

ಉಡುವುದು ಹೇಗೆಂದು ಆಕೆಗೆ ಗೊತ್ತೇ ಎಂದು ನಾನು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಆದರೆ ಓಣಿ ಎದ್ದು ನಿಂತಿತು. ಆ ಮುದುಕಿ ಮಿಸ್ತ್ರಿಯೊಬ್ಬನ ಸೊತ್ತಲ್ಲ, ಇಷ್ಟು ವರ್ಷ ಆಕೆಯ ಕಷ್ಟಸುಖ ಕೇಳಿದವರು ನಾವು, ಸೀರೆ ಓಣಿಯದೇ ಹೋಗಬೇಕು ಎಂದರು. ಬಣ್ಣದ ಚರ್ಚೆಯಾಯಿತು. ಅಲ್ಲಿ ವಿಧವೆಯರು ಉಡುವುದು ಕಪ್ಪು ಎಂದು ಮಿಸ್ತ್ರಿ ಹೇಳಿದಾಗ ಹೆಂಗಸರಿಗೆ ಸಂಕಟ ತಪ್ಪಿತು. ಕಪ್ಪಾದರೆ ಚಂದ್ರಕಾಳಿ ಇದ್ದೇ ಇದೆ. ಕಪ್ಪು ಒಡಲು, ಕೆಂಪು ರೇಷ್ಮೆಯ ಸೆರಗು. ಇನ್ನು ಯಾರ ಮಗ್ಗದ ಮೇಲೆ ಎಂಬ ಪ್ರಶ್ನೆ ಎದ್ದು ಮೂರು ದಿನ ಮಾತು ಬಿಟ್ಟವರೆಷ್ಟೋ. ಕೊನೆಗೆ ಬಸಪ್ಪಜ್ಜನ ಮಗ್ಗ, ಸೆರಗು ಅವನದು, ಒಡಲಿನಲ್ಲಿ ಮನೆಗೆ ಎರಡೆರಡು ಗೇಣು ಎಂದು ತೀರ್ಮಾನವಾಯಿತು. ಯಾರ ಮಾನಕ್ಕೂ ಕುಂದಿಲ್ಲದ ಇಂಥ ನ್ಯಾಯವನ್ನು ನಮ್ಮ ಓಣಿಯವರೇ ಮಾಡಬೇಕು.

ಹದಿನೈದು ಕೈಗಳ ಕೆಳಗೆ ಒಂದು ಸೀರೆ ಸಿಕ್ಕರೆ ಏನಾಗುತ್ತದೆ ಎಂದು ನೇಯುವವರಿಗೆ ಗೊತ್ತಿರಬೇಕಿತ್ತು. ಎಳೆ ಕೂಡಿಸಲು ಒಬ್ಬೊಬ್ಬರು ಮಗ್ಗದ ಹಣಿಗೆ ಹೊಡೆಯುವ ಜೋರು ಒಂದೊಂದು. ಒಬ್ಬರ ಗೇಣು ಹಲಗೆಯಷ್ಟು ಬಿಗಿ, ಮುಂದಿನವರದು ಜಾಳುಜಾಳು, ಅದರ ಮುಂದಿನವರದು ಅಂಚು ಒಳಗೆ ಎಳೆದುಕೊಂಡದ್ದು. ಪ್ರತಿಯೊಬ್ಬರೂ ತಮ್ಮ ಎರಡು ಗೇಣು ನೇಯ್ದು ಇಳಿಯುವಾಗ, ಹಿಂದಿನವರು ಕೆಡಿಸಿದ್ದಾರೆ, ನಾನು ಸರಿಮಾಡಿದ್ದೇನೆ ಎಂದು ಹೇಳಿ ಹೋಗುತ್ತಿದ್ದರು. ಒಂಬತ್ತು ಮನೆಯದು ಮುಗಿದ ದಿನ ಮಿಸ್ತ್ರಿ ಇಕ್ಕಳ ಹಿಡಿದು ಬಂದರು. ನಾನು ನೇಯ್ಗೆ ನೋಡಲು ಹೋದವಳು ಅಲ್ಲೇ ಇದ್ದೆ. ಅವರು ಒಂದು ಕಡೆಯಿಂದ ಅಳೆಯುತ್ತ ಬಂದರು. ಮುಖ ಸಣ್ಣದಾಗುತ್ತ ಹೋಯಿತು. ಹತ್ತು ವರ್ಷ ಕಾಯಿಸಿ ಇದನ್ನು ಕಳಿಸಿದರೆ ಮಾಮ್ ತನ್ನನ್ನು ಏನೆಂದುಕೊಂಡಾಳು, ಬಿಚ್ಚಿಬಿಡಿ ಎಂದರು. ಬಿಚ್ಚಿ ಹೊಸದಾಗಿ ನೇಯಲು ದಿನ ಉಳಿದಿರಲಿಲ್ಲ ಎಂದು ಅವರಿಗೂ ಗೊತ್ತಿತ್ತು. ಕಣ್ಣಲ್ಲಿ ನೀರು ಬಂದದ್ದು ಅದಕ್ಕೇ.

ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತಿದ್ದ ಬಸಪ್ಪಜ್ಜ ಸಿಟ್ಟಾಗಲಿಲ್ಲ. ಬಟ್ಟೆಯ ಮೇಲೆ ಕೈಯಾಡಿಸಿದ.

"ಇದು ಸಡ್ಲ ಐತಿ ಅಂತೀಯಲ್ಲ, ನಿಂಗವ್ವಂದಿದು. ಆಕಿ ಬಸರಿ ಅದಾಳ, ಜೋರ ಹೊಡೀಬ್ಯಾಡ ಅಂತ ನಾನ ಹೇಳೀನಿ. ಇದು ಬಿಗಿ ಐತಿ, ಹಣಮಂತಂದು. ಅಂವ ಅವತ್ತ ಅಣ್ಣನ ಕೂಡ ಜಗಳಾಡಿ ಬಂದಿದ್ದ. ಆಕಿ ತನ್ನ ಓಣಿದೆಲ್ಲಾ ಬರದು ಕಳಿಸ್ಯಾಳ, ಬೂದಿ ಸೈತ ಬಿಟ್ಟಿಲ್ಲ. ನಮ್ಮ ಓಣಿ ಆಕಿಗೆ ಕಾಣಬಾರದೇನು?"

ಮಿಸ್ತ್ರಿ ಆ ಸಡಿಲ ಗೇಣಿನ ಮೇಲೆ ಒಮ್ಮೆ ಬೆರಳಾಡಿಸಿದರು. ಆಮೇಲೆ ಇಕ್ಕಳವನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದರು. ಉಳಿದ ಆರು ಮನೆಯವರು ಬಂದು ತಮ್ಮ ತಮ್ಮ ಸೊಟ್ಟವನ್ನು ಸೇರಿಸಿ ಹೋದರು.

ಸೀರೆ ಮಗ್ಗದಿಂದ ಇಳಿದ ದಿನ ಅವರು ಅದನ್ನು ತಂದು ನನ್ನ ಖೋಲಿಯಲ್ಲಿ ಹಾಸಿ, ಬರೆಯಿರಿ ಎಂದರು. ಸೆರಗಿನಿಂದ ಶುರುಮಾಡಿ ಯಾವ ಗೇಣು ಯಾರದು, ಅವರು ಎಂಥವರು, ನೇಯುವಾಗ ಏನಾಗಿತ್ತು, ಎಲ್ಲವನ್ನೂ ಹೇಳಿಸಿದರು. ನಿಂಗವ್ವನ ಬಸಿರು, ಹಣಮಂತನ ಜಗಳ, ಕಣ್ಣು ಮಂಜಾದರೂ ಕನ್ನಡಕ ಹಾಕದ ಸಂಗಪ್ಪನ ಹಟ, ಇವೆಲ್ಲ ನನ್ನ ಬಡ ಇಂಗ್ಲಿಷಿನಲ್ಲಿ ಆರು ಹಾಳೆಯಾದವು. ಒಂಬತ್ತನೆಯ ಮನೆಯದು ಮುಗಿದ ಮೇಲೆ, ಹತ್ತನೆಯದು ಶುರುವಾಗುವ ಮೊದಲು, ಒಂದೇ ಒಂದು ಗೇಣು ವಿಚಿತ್ರವಾಗಿತ್ತು. ಅಂಚು ಹಾವಿನಂತೆ ಹರಿದಾಡಿತ್ತು, ನಡುನಡುವೆ ಎಳೆ ಹಾರಿದ್ದವು. ಇದು ಯಾರದು ಎಂದು ಕೇಳಿದೆ. ಅದನ್ನು ಬಿಡಿ, ಮುಂದಿನದು ಬರೆಯಿರಿ ಎಂದರು. ಕಲಿಯುವ ಯಾವುದೋ ಮಗು ಮಗ್ಗ ಹತ್ತಿರಬೇಕು, ಓಣಿಯ ಮಾನ ಕಾಯಲು ಮುಚ್ಚಿಡುತ್ತಿದ್ದಾರೆ ಎಂದು ನಾನು ಸುಮ್ಮನಾದೆ.

ಪಾರ್ಸೆಲ್ ಹೋಯಿತು. ಆಮೇಲೆ ಓಣಿಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಅಂಚೆಯವನು ಆ ಕಡೆ ಬಂದರೆ ಸಾಕು, ಹದಿನೈದು ಮಗ್ಗ ನಿಲ್ಲುತ್ತಿದ್ದವು. ಮಿಸ್ತ್ರಿ ಒಬ್ಬರೇ ಕೂತು ಬೇಸಿಗೆಯ ದಿನ ಲೆಕ್ಕ ಹಾಕುತ್ತಿದ್ದರು. ಶ್ರಾವಣದಲ್ಲಿ ಉತ್ತರ ಬಂತು. ಮಗಳ ಮನೆಯಿಂದ ಬರೆದದ್ದು. ನಾನು ವಿಳಾಸ ಓದಿದೊಡನೆ, ಸೀರೆ ತಡವಾಯಿತು ಎಂದು ಮಿಸ್ತ್ರಿ ಕಟ್ಟೆಯ ಮೇಲೆ ತಲೆ ಹಿಡಿದು ಕುಳಿತರು. ನಾನು ಓದತೊಡಗಿದೆ, ಎರಡನೆಯ ಸಾಲಿಗೇ ಜೀವ ಬಂತು. ಸೀರೆ ಮುಟ್ಟಿತ್ತು, ಮನೆ ಬಿಡುವ ನಾಲ್ಕು ದಿನ ಮೊದಲು.

ಬಿಚ್ಚಿದಾಗ ಅದು ಇಷ್ಟುದ್ದ ಎಂದು ಆಕೆಗೆ ಗೊತ್ತಿರಲಿಲ್ಲವಂತೆ. ಅಡುಗೆಮನೆಯಲ್ಲಿ ಹಿಡಿಯಲಿಲ್ಲ. ಮುಂಬಾಗಿಲು ಹಿಂಬಾಗಿಲು ಎರಡನ್ನೂ ತೆರೆದು, ಓಣಿಯ ಹೆಂಗಸರೆಲ್ಲ ಸಾಲಾಗಿ ನಿಂತು ಕೈಯ ಮೇಲೆ ಹಿಡಿದರು. ಸೆರಗು ಬೀದಿಯಲ್ಲಿ, ಕೊನೆ ಹಿತ್ತಲಲ್ಲಿ, ನಡುವೆ ಮನೆ. ಬೀಗ ಹಾಕಿ ಹೋದವರಲ್ಲಿ ಮೂವರು ಆ ದಿನಕ್ಕೆಂದೇ ಮರಳಿ ಬಂದಿದ್ದರು. ಪಕ್ಕದ ಬೂದಿಯವಳು ಆರು ಹಾಳೆಯನ್ನೂ ಗಟ್ಟಿಯಾಗಿ ಓದಿದಳು, ಉಳಿದವರು ಗೇಣು ಗೇಣಾಗಿ ಹುಡುಕುತ್ತ ಹೋದರು. ನಿಂಗವ್ವನ ಗೇಣನ್ನು ಹಿಡಿದುಕೊಂಡವಳು, ಮಗು ಹುಟ್ಟಿತೇ, ಗಂಡೋ ಹೆಣ್ಣೋ ಎಂದು ತಿಳಿಸಲು ಹೇಳಿದ್ದಾಳೆ. ಹಣಮಂತನ ಗೇಣನ್ನು ಹಿಡಿದುಕೊಂಡವಳು, ಇಂಥವನು ನಮ್ಮ ಮನೆಯಲ್ಲೂ ಒಬ್ಬನಿದ್ದಾನೆ ಎಂದಳಂತೆ. ಹಣಮಂತ ಎದೆಯುಬ್ಬಿಸಿ ಅಣ್ಣನತ್ತ ನೋಡಿದ. ಬೂದಿಯವಳ ಮೇಲಿನ ಓಣಿಯ ಸಿಟ್ಟು ಅಂದೇ ಇಳಿಯಿತು.

ಕೊನೆಯ ಹಾಳೆಗೆ ಬಂದೆ. ಅಕ್ಷರಗಳನ್ನು ದೊಡ್ಡದಾಗಿ, ಬಿಡಿಸಿ ಬರೆದಿದ್ದಳು. ನಿಘಂಟು ಬೇಕಾಗಲಿಲ್ಲ. ಒಂಬತ್ತನೆಯ ಮನೆಯ ಪಕ್ಕದ ಒಂದು ಗೇಣು ಯಾರದೆಂದು ನೀನು ಬರೆದಿಲ್ಲ; ಎಲ್ಲರೂ ಕೇಳಿದರು; ಅದನ್ನು ನಾನೇ ಹಿಡಿದುಕೊಂಡೆ, ಬೇರೆ ಯಾರ ಕೈಗೂ ಕೊಡಲಿಲ್ಲ; ಇದು ನನ್ನ ಮಗನ ಕೈ ಎಂದು ಹೇಳಿದೆ.

ಹದಿನೈದು ಮನೆಯವರೂ ಮಿಸ್ತ್ರಿಯತ್ತ ತಿರುಗಿದರು. ನನಗೆ ಆಗ ಹೊಳೆಯಿತು. ಇಕ್ಕಳ ಜೇಬಿಗೆ ಹಾಕಿಕೊಂಡು ಹೋದ ಅವರು, ಯಾರೂ ಇಲ್ಲದ ಹೊತ್ತು ನೋಡಿ ಬಂದು, ಬಸಪ್ಪಜ್ಜನ ಕಾಲು ಹಿಡಿದೋ ಕೈ ಹಿಡಿದೋ, ಮಗ್ಗ ಹತ್ತಿದ್ದರು. ಜನ್ಮದಲ್ಲಿ ಮೊದಲ ಸಲ. ಅಂಗಿಯ ಗುಂಡಿಯೊಂದನ್ನು ಹಚ್ಚಿಕೊಂಡವರಲ್ಲ, ಮುದುಕಿಗೆ ಸೀರೆ ನೇಯ್ದರೇ ಎಂದು ಭಾಬಿ ಬಾಯಿಗೆ ಸೆರಗು ಒತ್ತಿಕೊಂಡರು. ಅದು ನಗುವೋ ಅಳುವೋ ನನಗೆ ತಿಳಿಯಲಿಲ್ಲ. ನನ್ನದು ಅಳುವೇ.

ಮಿಸ್ತ್ರಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದರು. ಕೈಯ ಒಳಗಿನಿಂದಲೇ ದನಿ ಬಂತು.

"ಅದರಾಗ ಎರಡ ಎಳಿ ತಪ್ಯಾವರಿ ಅಕ್ಕೋರ."

"ಎರಡಲ್ಲಪಾ, ಹನ್ನೊಂದು," ಎಂದ ಬಸಪ್ಪಜ್ಜ. "ನಾ ಎಣಿಸೀನಿ. ಎಣಿಸಿನ ಹಂಗ ಬಿಟ್ಟೀನಿ."